ಊರಿನ ಕೊನೆಯ ಕೊಟ್ಟಿಗೆ

ಬಡಾವಣೆಯಲ್ಲಿ ಅವಳಿಗೆ 'ಎಮ್ಮೆ ಮನೆ ಟೈಲರ್' ಎಂದೇ ಹೆಸರು. ಮನೆಯ ಮುಂಗೋಣೆಯೇ ಅವಳ ಅಂಗಡಿ. ಅಳತೆ ಕೊಡಲು ಬಂದವರು ಮೂಗಿಗೆ ಕರವಸ್ತ್ರ ಹಿಡಿದು ನಿಲ್ಲುತ್ತಿದ್ದರು. ಒಂದು ದಿನ ಮಗಳು ಶಾಲೆಯಿಂದ ಅಳುತ್ತಾ ಬಂದಳು: ಸಗಣಿ ವಾಸನೆ ಅಂತ ಯಾರೂ ಪಕ್ಕ ಕೂರುವುದಿಲ್ಲವಂತೆ.

ಒಂದು ಕಾಲಕ್ಕೆ ಇದು ಹಳ್ಳಿ. ಜನಕ್ಕಿಂತ ದನವೇ ಹೆಚ್ಚು. ದನಗಳು ಕೆರೆಗೆ ನಡೆದ ದಾರಿಯೇ ಟಾರು ಕಂಡು ರಸ್ತೆಯಾಯಿತು. ಅದಕ್ಕೇ ಇಂದಿಗೂ ಸೊಟ್ಟ. ಕೆರೆ ಬಸ್ ನಿಲ್ದಾಣವಾಯಿತು, ಹೊಲಗಳ ಮೇಲೆ ನಾಲ್ಕಂತಸ್ತಿನ ಮನೆಗಳೆದ್ದವು. ಉಳಿದದ್ದು ಅವಳ ಮನೆ ಹಿಂದಿನ ದೊಡ್ಡಪ್ಪನ ಕೊಟ್ಟಿಗೆ, ಅದರಲ್ಲಿ ಮೂರು ಎಮ್ಮೆ. ಆ ಜಾಗದಲ್ಲಿ ಅರ್ಧ ಪಾಲು ತೀರಿಹೋದ ಅವಳ ಅಪ್ಪನದು. ಕೊಟ್ಟಿಗೆ ಕೆಡವಿ ಅಂಗಡಿ ಕಟ್ಟೋಣ ಎಂದಾಗಲೆಲ್ಲ ದೊಡ್ಡಪ್ಪನದು ಒಂದೇ ಮಾತು: "ನಾನು ಕಣ್ಣು ಮುಚ್ಚಿದ ಮೇಲೆ ಏನಾದ್ರೂ ಮಾಡ್ಕೊ, ಮಗಳೇ. ಅಲ್ಲೀವರೆಗೆ ಈ ಮೂಕಪ್ರಾಣಿಗಳು ಎಲ್ಲಿಗೆ ಹೋಗ್ಬೇಕು?"

ಬೆಂಕಿಯೇ ಸರಿ ಎಂದು ತೀರ್ಮಾನಿಸಿದಳು. ಸುತ್ತ ಕಲ್ಲುಗೋಡೆ, ಅಕ್ಕಪಕ್ಕಕ್ಕೆ ತಗಲುವುದಿಲ್ಲ. ಕೊಟ್ಟಿಗೆಯ ಸ್ವಿಚ್ಚು ಕಿಡಿ ಕಾರುವುದು ಇಡೀ ಬೀದಿಗೆ ಗೊತ್ತು. ಅಪವಾದ ಅದರ ತಲೆಗೆ. ಮಧ್ಯಾಹ್ನ ದೊಡ್ಡಪ್ಪ ಹಾಲು ಹಾಕಲು ಹೊರಟ ಮೇಲೆ ಒಣಹುಲ್ಲಿನಡಿ ಸೊಳ್ಳೆ ಬತ್ತಿ ಹಚ್ಚಿಟ್ಟರಾಯಿತು. ಕೆಂಡ ಹುಲ್ಲಿಗೆ ಮುಟ್ಟುವ ಹೊತ್ತಿಗೆ ಅವಳು ಮಗಳ ಶಾಲೆಯಲ್ಲಿ, ಪೋಷಕರ ಸಭೆಯ ಮುಂದಿನ ಸಾಲಿನಲ್ಲಿ. ಬತ್ತಿಯ ಬೂದಿ ಹುಲ್ಲಿನ ಬೂದಿಯಲ್ಲಿ ಸೇರಿಹೋಗುತ್ತದೆ.

ಬತ್ತಿ ಹಚ್ಚಲು ಬಗ್ಗಿದಾಗ ಮುದಿ ಎಮ್ಮೆ ಅವಳ ಕೈ ನೆಕ್ಕಿತು. ಅವನ್ನು ಸುಡಲು ಮನಸ್ಸಾಗಲಿಲ್ಲ. ಮೂರನ್ನೂ ಬಿಚ್ಚಿ ಹಿತ್ತಲ ಖಾಲಿ ಜಾಗಕ್ಕೆ ಅಟ್ಟಿ, ಆಮೇಲೆ ಬತ್ತಿ ಹಚ್ಚಿಟ್ಟಳು. ಮೇಯಲು ಬಿಟ್ಟು ಮರೆತೆನೇನೋ ಎಂದು ದೊಡ್ಡಪ್ಪನೇ ಅಂದುಕೊಳ್ಳುತ್ತಾನೆ; ಅವನಿಗೆ ಈಚೆಗೆ ಮರೆವು ಹೆಚ್ಚು.

ಎಲ್ಲವೂ ಎಣಿಸಿದಂತೆಯೇ ನಡೆಯಿತು. ಅಗ್ನಿಶಾಮಕದವರು ಕರಕಲಾದ ಸ್ವಿಚ್ಚು ನೋಡಿ ತಲೆಯಾಡಿಸಿದರು. ದೊಡ್ಡಪ್ಪ ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ನಂದೇ ತಪ್ಪು. ಸ್ವಿಚ್ ರಿಪೇರಿ ಮಾಡ್ಸು ಅಂತ ನೀನು ಎಷ್ಟು ಸಲ ಬಡ್ಕೊಂಡೆ!"

ಅವಳು ತಂದಿಟ್ಟ ಊಟವನ್ನು ಅವನು ಮುಟ್ಟಲಿಲ್ಲ. ಅವಳು ಯಂತ್ರದ ಮುಂದೆ ಕೂತು ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಹೇಳಿಬಿಡೋಣ ಎಂದು ಹೋಗಿ, ಪ್ರತಿ ಸಲವೂ ಅವನು ಮುಟ್ಟದ ತಟ್ಟೆ ಎತ್ತಿಕೊಂಡು ವಾಪಸಾದಳು. ಎಮ್ಮೆಗಳನ್ನು ದೂರದ ಹಾಲಿನವನೊಬ್ಬ ದುಡ್ಡು ಕೊಟ್ಟು ಹೊಡೆದುಕೊಂಡು ಹೋದ. ಅಂಗಡಿ ಕಟ್ಟಲು ದೊಡ್ಡಪ್ಪ ತಾನಾಗಿಯೇ ಒಪ್ಪಿದ. ಅವಳಿಗೆ ಸಂತೋಷವಾಗಲಿಲ್ಲ.

ಬೂದಿ ಬಳಿದು ಹಾಕಿದ ದಿನ ಅವನು ಮುಂಗೋಣೆಯ ಅಂಗಡಿಗೆ ಬಂದು, ಅವಳು ಕತ್ತರಿಸುತ್ತಿದ್ದ ಬಟ್ಟೆಯ ಮೇಲೆ ಮೂರು ಹಗ್ಗದ ಸಿಂಬಿಗಳನ್ನು ಮೆಲ್ಲಗೆ ಇಟ್ಟ. "ಹಿತ್ತಲ ಗೇಟಿಗೆ ನೇತಾಡ್ತಿದ್ವು" ಎಂದ, ಅಷ್ಟೇ. ಎಮ್ಮೆ ಬಿಚ್ಚಿದ ಮೇಲೆ ಹಗ್ಗ ಸುತ್ತಿಡುವುದನ್ನು ಅವಳಿಗೆ ಚಿಕ್ಕಂದಿನಲ್ಲಿ ಕಲಿಸಿದವನು ಅವನೇ. ಅಂದು ಆ ಗಡಿಬಿಡಿಯಲ್ಲೂ ಕೈ ತನ್ನ ಪಾಡಿಗೆ ಸುತ್ತಿ ಸಿಕ್ಕಿಸಿಬಿಟ್ಟಿತ್ತು. ಅವನ ಕೈಯ ಹಗ್ಗವಾಗಿದ್ದರೆ ಸುತ್ತು ಬಲಕ್ಕೆ ಹೋಗಬೇಕಿತ್ತು. ಮೂರೂ ಎಡಕ್ಕೆ ಸುತ್ತಿಕೊಂಡಿದ್ದವು. ಅವಳು ಎಡಗೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು.