ಓಡಿಲ್ ಎಂಬ ಬಿಯರು

ಓಡಿಲ್‌ಳನ್ನು ಅವಳ ತಮ್ಮನೇ ಮಾರಿಬಿಟ್ಟ. ಆಗಸ್ಟ್ ತಿಂಗಳಿಡೀ ನಾರ್ಬರ್ಟ್‌ನ ತಲೆಯಲ್ಲಿ ಈ ಮಾತು ಹೀಗೇ, ಇಷ್ಟೇ ಶಬ್ದಗಳಲ್ಲಿ ಕೂತಿತ್ತು. ಮಾರಿದ್ದು ಹೆಂಗಸನ್ನಲ್ಲ, ಅವಳ ಹೆಸರಿನ ಬಿಯರನ್ನು ಎಂದು ಊರಿನವರು ತಿದ್ದಬಹುದು. ತಿದ್ದಲಿ ಬಿಡಿ. ಹೆಂಗಸು ಸತ್ತು ಒಂದೂವರೆ ವರ್ಷವಾಗಿತ್ತು, ಉಳಿದಿದ್ದು ಬಿಯರೊಂದೇ.

ನಮೂರ್ ಎಂಬ ನಮ್ಮೂರಿನ ಹಳೇ ಚೀಸ್ ಕಾರ್ಖಾನೆಯಲ್ಲಿ ಓಡಿಲ್, ಅವಳ ಗಂಡ ನಾರ್ಬರ್ಟ್, ಅವಳ ತಮ್ಮ ಡ್ವೇನ್ ಮೂವರೂ ಸೇರಿ ಬ್ರೂವರಿ ಶುರು ಮಾಡಿ ಹತ್ತೊಂಬತ್ತು ವರ್ಷ. ನಮ್ಮ ಮುತ್ತಜ್ಜಂದಿರು ಬೆಲ್ಜಿಯಂನಿಂದ ವಿಸ್ಕಾನ್ಸಿನ್‌ಗೆ ಬರುವಾಗ ಸಾಸೇಜು, ಪೈ, ಕರ್ಮಿಸ್ ಹಬ್ಬ ಎಲ್ಲ ಹೊತ್ತು ತಂದರು, ಒಳ್ಳೇ ಬಿಯರನ್ನು ಮಾತ್ರ ದಡದಲ್ಲೇ ಮರೆತರು ಎಂದು ಓಡಿಲ್ ನಗುತ್ತಿದ್ದಳು. ಆ ಮರೆವನ್ನು ಅವಳೇ ಸರಿ ಮಾಡಿದಳು. ಅಜ್ಜಿಯ ಹಿತ್ತಲಿನ ಹುಳಿಚೆರ್ರಿ ಹಣ್ಣಿನ ಸಿಪ್ಪೆಯಿಂದ ಕಾಡು ಯೀಸ್ಟ್ ಹಿಡಿದು, ಜಾಡಿಯಲ್ಲಿಟ್ಟು, ಮಗುವಿಗೆ ಹಾಲು ಕುಡಿಸಿದ ಹಾಗೆ ಸಿಹಿನೀರು ಕುಡಿಸಿ ಬೆಳೆಸಿದಳು. ಅದರಿಂದ ಮಾಡಿದ ಬೆಲ್ಜಿಯನ್ ಏಲ್ ಬಿಯರಿಗೆ ಮೊದಲು ಕಾಳುಮೆಣಸಿನ ಖಾರ, ಆಮೇಲೆ ಒಣಹುಲ್ಲಿನ ಘಮ, ಕೊನೆಗೆ ಚೆರ್ರಿ ಬೀಜ ಕಚ್ಚಿದಂಥ ಸಣ್ಣ ಕಹಿ. ಬೇರೆ ಯಾವ ಯೀಸ್ಟಿನಿಂದಲೂ ಆ ಕಹಿ ಬರುತ್ತಿರಲಿಲ್ಲ. ರಸ್ತೆ ಅಗಲ ಮಾಡುವಾಗ ಆ ಮರವನ್ನೂ ಕಡಿದು ಹಾಕಿದ್ದರು. ಒಂದು ಸಲದ ಬಿಯರು ಮುಗಿದ ಮೇಲೆ ಯೀಸ್ಟನ್ನು ತೆಗೆದಿಟ್ಟು ಮುಂದಿನದಕ್ಕೆ ಹಾಕುವುದು, ಹೀಗೆ ಹತ್ತೊಂಬತ್ತು ವರ್ಷ ಅದು ಸಾಯದೆ ನಡೆದುಬಂದಿತ್ತು.

ಈಗ ಶಿಕಾಗೋದ ದೊಡ್ಡ ಕಂಪನಿಯೊಂದು ಅದನ್ನು ಕೊಳ್ಳಲಿತ್ತು. ಹೆಸರು, ಯೀಸ್ಟ್, ಎರಡೂ. ಕಾಗದಪತ್ರದ ಪ್ರಕಾರ ಬ್ರೂವರಿ ಡ್ವೇನ್‌ನದು. ನಾರ್ಬರ್ಟ್‌ಗೆ ಅದರಲ್ಲಿ ಕೆಲಸವಿತ್ತೇ ಹೊರತು ಹಕ್ಕಿರಲಿಲ್ಲ.

"ಅವ್ರು ಡಬ್ಬೀಲಿ ತುಂಬಿ ಮಾರ್ತಾರಂತೆ ಕಣೋ," ಎಂದ ನಾರ್ಬರ್ಟ್. "ಚೆರ್ರಿ ಸಿರಪ್ ಬೇರೆ ಸುರೀತಾರಂತೆ. ಪೆಟ್ರೋಲ್ ಬಂಕಲ್ಲಿ ಚಿಪ್ಸ್ ಪಕ್ಕ ಇಡ್ತಾರೆ ನಿನ್ನ ಅಕ್ಕನ್ನ. ನಾಚಿಕೆ ಆಗಲ್ವಾ?"

ಡ್ವೇನ್ ಕೈಯಲ್ಲಿದ್ದ ಲೇಬಲ್ಲಿನ ಕಟ್ಟನ್ನು ಕೆಳಗಿಟ್ಟ. "ಆಗತ್ತೆ ಭಾವ. ಆದ್ರೆ ದಿನಾ ಬೆಳಗೆದ್ದು ಸಾವಿರ ಬಾಟ್ಲಿ ಮೇಲೆ ಅಕ್ಕನ ಹೆಸ್ರು ಅಂಟಿಸ್ತಾ ಕೂರೋಕೆ ನನ್ ಕೈಲಾಗ್ತಿಲ್ಲ. ನಿಮಗೆ ಅದು ಸಮಾಧಾನ, ನನಗೆ ದಿನಾ ತಿಥಿ."

ಅವತ್ತು ನಾರ್ಬರ್ಟ್ ಮನೆಗೆ ಹೋಗಿ ಒಬ್ಬನೇ ಊಟಕ್ಕೆ ಕೂತಾಗ ನಿರ್ಧಾರ ಗಟ್ಟಿಯಾಯಿತು. ಓಡಿಲ್‌ಳನ್ನು ಕದ್ದು ಮನೆಗೆ ತರಬೇಕು. ಅಲ್ಲಿ ಉಳಿದದ್ದನ್ನೆಲ್ಲ ಕೊಲ್ಲಬೇಕು. ಕೊಲ್ಲದೆ ಕದ್ದರೆ ಪ್ರಯೋಜನವಿಲ್ಲ. ಯೀಸ್ಟ್ ಒಂದು ಚಮಚ ಉಳಿದರೂ ತಿಂಗಳಲ್ಲಿ ಕೆರೆಯಷ್ಟಾಗುತ್ತದೆ.

ಯೋಜನೆ ಮಾಡುವುದರಲ್ಲಿ ಅವನಿಗೆ ಒಂಥರಾ ಸುಖ ಸಿಕ್ಕಿತು. ಅವಳು ಹೋದ ಮೇಲೆ ಯಾವ ಕೆಲಸದಲ್ಲೂ ಸಿಗದ ಸುಖ. ಸೆಪ್ಟೆಂಬರ್ ಎರಡನೇ ಗುರುವಾರ ಕಂಪನಿಯವರು ಯೀಸ್ಟ್ ಒಯ್ಯಲು ಬರುವವರಿದ್ದರು. ಹಿಂದಿನ ಬಿಯರು ಮಂಗಳವಾರ ಬಾಟಲಿಗೆ ಹೋಗುತ್ತದೆ, ಹೊಸದನ್ನು ಹೂಡುವುದು ಮುಂದಿನ ಸೋಮವಾರ. ಹಾಗಾಗಿ ಬುಧವಾರ ಓಡಿಲ್ ಇರುವುದು ಮೂರೇ ಕಡೆ: ಯೀಸ್ಟ್ ಇಡುವ ತಂಪು ಟ್ಯಾಂಕಿನಲ್ಲಿ, ಶೀತಕೋಣೆಯ ಎರಡು ಜಾಡಿಗಳಲ್ಲಿ. ಟ್ಯಾಂಕು ತೊಳೆಯುವ ಕುದಿನೀರಿನ ಕೊಳವೆಗೂ ತಂಪು ಟ್ಯಾಂಕಿಗೂ ನಡುವೆ ಒಂದು ವಾಲ್ವು. ಅದರ ರಬ್ಬರ್ ಹಳತಾಗಿದೆ, ಬದಲಾಯಿಸಿ ಎಂದು ಜುಲೈನಲ್ಲೇ ನಾರ್ಬರ್ಟ್ ಬರೆದುಕೊಟ್ಟಿದ್ದ. ಆಗ ಅದು ನಿಜವಾದ ದೂರು. ಈಗ ಅದೇ ಅವನ ಸಾಕ್ಷಿ. ಕುದಿನೀರು ಸೋರಿತು, ಯೀಸ್ಟ್ ಬೆಂದಿತು, ಅಯ್ಯೋ ಪಾಪ! ಜಾಡಿಗಳೆರಡನ್ನೂ ಮುಚ್ಚಳ ಸಮೇತ ಬಿಸಿನೀರಿನ ಪಾತ್ರೆಯಲ್ಲಿ ಬೇಯಿಸಿ, ಆರಿಸಿ, ಒರೆಸಿ, ಇದ್ದ ಜಾಗದಲ್ಲೇ ಇಟ್ಟರಾಯಿತು. ಸತ್ತ ಯೀಸ್ಟಿಗೂ ಬದುಕಿದ್ದಕ್ಕೂ ಬರಿಗಣ್ಣಿಗೆ ವ್ಯತ್ಯಾಸವಿಲ್ಲ. ಅವು ಯಾವಾಗ ಸತ್ತವು ಎಂದು ಯಾರೂ ಹೇಳಲಾರರು.

ಅಂಗಡಿಗಳಿಗೆ ಹೋದ ಬಾಟಲಿಗಳ ಬಗ್ಗೆಯೂ ಯೋಚಿಸಿದ್ದ. ಅವನಿಗೆ ಅಲ್ಲೇ ಹೆಚ್ಚು ಹೆಮ್ಮೆ. ಬಾಟಲಿಗೆ ತುಂಬುವ ಮುನ್ನ ಬಿಯರನ್ನು ಸೋಸಿ, ಗುಳ್ಳೆ ಬರಲೆಂದು ಬೇರೆ ಯೀಸ್ಟ್ ಒಂದಿಷ್ಟು ಹಾಕುತ್ತಿದ್ದರು. ಅದು ವೈನ್ ಮಾಡುವವರ ಜಾತಿಯದು, ಮಹಾ ಕೊಲೆಗಡುಕ. ತನ್ನ ಪಕ್ಕ ಇನ್ನೊಂದು ಯೀಸ್ಟ್ ಬಂದರೆ ವಿಷ ಬಿಟ್ಟು ಮುಗಿಸಿಬಿಡುತ್ತದೆ. ಬೇರೆ ಬ್ರೂವರಿಯವರು ಬಾಟಲಿ ಕೊಂಡು, ಅಡಿಯ ಗಸಿಯಿಂದ ಓಡಿಲ್‌ಳನ್ನು ಬೆಳೆಸಿಕೊಳ್ಳಬಾರದೆಂದು ಅದನ್ನು ಆರಿಸಿದ್ದವನು ನಾರ್ಬರ್ಟೇ. ಕಂಪನಿಯವರು ಸಾವಿರ ಬಾಟಲಿ ಒಡೆದರೂ ಅವರಿಗೆ ಸಿಗುವುದು ಆ ಕೊಲೆಗಡುಕನೊಬ್ಬನೇ.

ಹೊರಗೆ ಸಾಗಿಸುವುದು ಇನ್ನೂ ಸುಲಭ. ಕೆಲಸ ಮುಗಿಸಿ ಹೊರಡುವಾಗ ಪ್ರತಿಯೊಬ್ಬರೂ ಒಂದು ಬಾಟಲಿ ಮನೆಗೆ ಒಯ್ಯುವುದು ಅಲ್ಲಿನ ಪದ್ಧತಿ. ಕೈಯಲ್ಲಿ ಬಾಟಲಿ ಇಲ್ಲದಿದ್ದರೇನೇ ಜನ ಏನಾಯ್ತು ಎಂದು ಕೇಳುತ್ತಿದ್ದರು. ಯಾವ ಬಾಟಲಿ ಎಂಬುದನ್ನು ಮಾತ್ರ ಅವನು ತಲೆಯಿಂದ ಯೋಚಿಸಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಒಂದಿತ್ತು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಜಗುಲಿಯಲ್ಲಿ ಕೂತು ಇಬ್ಬರೂ ಕುಡಿದದ್ದು. ಅವಳೇ ಬಗ್ಗಿಸಿದ್ದಳು, ಬಿರಡೆ ಮತ್ತೆ ಒತ್ತಿ, ಲೇಬಲ್ಲಿನ ಮೇಲೆ ಪೆನ್ನಿನಲ್ಲಿ ಬರೆದಿದ್ದಳು: 'ಇದು ಚೆನ್ನಾಗಿ ಬಂದಿದೆ, ನಾರ್ಬ್.' ಅವಳು ಅವಳದೇ ಬಾಟಲಿಯಲ್ಲಿ ಮನೆಗೆ ಬರಲಿ ಎಂದುಕೊಂಡು ಅದನ್ನು ಕಿಟಕಿಯಿಂದ ಇಳಿಸಿದ. ಕುದಿಸಿದರೆ ಲೇಬಲ್ ಕಿತ್ತು ಬರುತ್ತದೆ, ಅಕ್ಷರ ಅಳಿಸುತ್ತದೆ. ಅದಕ್ಕೇ ಬಾಯಿಗೆ ಸ್ಪಿರಿಟ್ ಒರೆಸಿ, ಒಳಗೆ ಒಂದಿಷ್ಟು ಬೆಚ್ಚನೆಯ ನೀರು ಹಾಕಿ, ಹೊರಗೆ ಹನಿ ಬೀಳದಂತೆ ಕುಲುಕಿ ಚೆಲ್ಲಿದ. ಕಂದು ಗಾಜು, ಬೆಳಕಿಗೆ ಹಿಡಿದಾಗ ಶುಭ್ರವಾಗಿಯೇ ಕಂಡಿತು.

ಬುಧವಾರ ಊರೆಲ್ಲ ಚರ್ಚಿನ ಅಂಗಳದಲ್ಲಿತ್ತು. ಭಾನುವಾರದ ಕರ್ಮಿಸ್‌ಗೆ ಹಂಡೆಗಟ್ಟಲೆ ಬೂಯಾ ಎಂಬ ಕೋಳಿಸಾರು ಬೇಯಿಸಬೇಕು, ಅದಕ್ಕೆ ಕೋಳಿ, ಎಲೆಕೋಸು, ಕ್ಯಾರೆಟ್ ಹೆಚ್ಚುವ ದಿನ. ಡ್ವೇನ್‌ನ ಹೆಂಡತಿ ಬರ್ನಿಸ್ ಫೋನ್ ಮಾಡಿದಳು.

"ಎಲ್ಲಿದೀರ ಅಣ್ಣ? ನಿಮ್ ಪಾಲಿನ ಈರುಳ್ಳಿ ಅಳ್ತಾ ಕೂತಿದೆ ಇಲ್ಲಿ!"

"ಬೆನ್ನು ಹಿಡ್ಕೊಂಡಿದೆ ಬರ್ನಿಸ್. ಟ್ಯಾಂಕ್ ಒಂದು ತೊಳ್ದು ಮನೆಗೆ ಹೋಗ್ತೀನಿ."

"ಹೂಂ ಹೂಂ, ಈರುಳ್ಳಿ ಕಂಡ್ರೆ ಬೆನ್ನು ಹಿಡಿಯತ್ತೆ, ಭಾನುವಾರ ಪೋಲ್ಕಾ ಕುಣಿತದ ವಾದ್ಯ ಕೇಳಿದ್ರೆ ಬಿಡತ್ತೆ. ನಮಗೆ ಗೊತ್ತಿಲ್ವಾ ನಿಮ್ಮ ಬೆನ್ನು!"

ನಾರ್ಬರ್ಟ್ ನಕ್ಕ. ನಗು ಸಹಜವಾಗಿಯೇ ಬಂತು ಎಂದು ತನಗೆ ತಾನೇ ಮೆಚ್ಚಿಕೊಂಡ. ತಂಪು ಟ್ಯಾಂಕಿನ ನಲ್ಲಿ ತಿರುಗಿಸಿ, ಕೆನೆಯಂಥ ಯೀಸ್ಟನ್ನು ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ ಬಿರಡೆ ಹಾಕಿದ. ಆಮೇಲೆ ವಾಲ್ವಿನ ರಬ್ಬರನ್ನು ಹೆಬ್ಬೆರಳಿನಿಂದ ಸ್ವಲ್ಪ ಸರಿಸಿ ಕುದಿನೀರಿನ ಪಂಪು ಹಾಕಿದ. ಜಾಡಿಗಳನ್ನು ಒಂದೊಂದಾಗಿ ಬಿಸಿನೀರಿಗೆ ಇಳಿಸಿದ. ಮುಚ್ಚಳದ ಮೇಲೆ ಅವಳ ಕೈಬರಹವಿತ್ತು. "ಕ್ಷಮಿಸು ಮಾರಾಯ್ತಿ, ನಿನ್ನನ್ನ ಉಳಿಸೋಕೇ ಇದೆಲ್ಲ," ಎಂದು ಗಟ್ಟಿಯಾಗಿ ಹೇಳಿದ. ನಾಲ್ಕು ಗಂಟೆಗೆ ಬಾಟಲಿ ಹಿಡಿದು, ರಸ್ತೆಯಲ್ಲಿ ಸಿಕ್ಕ ಇಬ್ಬರಿಗೆ ಕೈಬೀಸಿ, ಮನೆಗೆ ನಡೆದ.

ಗುರುವಾರ ಎಲ್ಲವೂ ಅವನು ಅಂದುಕೊಂಡ ಹಾಗೇ ನಡೆಯಿತು. ಕಂಪನಿಯವರು ಟ್ಯಾಂಕಿನದನ್ನೂ ಜಾಡಿಗಳದನ್ನೂ ಸೂಕ್ಷ್ಮದರ್ಶಕದಡಿ ನೋಡಿ ತಲೆಯಾಡಿಸಿದರು. ಜಾಡಿಯವು ಯಾವತ್ತೋ ಸತ್ತಿರಬೇಕು, ಯಾರೂ ಗಮನಿಸಿಲ್ಲ ಎಂದರು. ಜುಲೈನ ದೂರಿನ ಚೀಟಿಯನ್ನು ಡ್ವೇನ್ ತಾನಾಗಿಯೇ ತೆಗೆದು ತೋರಿಸಿದ. ವ್ಯಾಪಾರ ಮುರಿದುಬಿತ್ತು. ಸಂಜೆ ಅವನು ನಾರ್ಬರ್ಟ್‌ನ ಮನೆಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತ. ಐವತ್ತೆರಡು ವರ್ಷದ ಗಂಡಸು, ಟೊಪ್ಪಿಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದ.

"ನೀವು ಹೇಳಿದ್ರಿ, ನಾನು ರಬ್ಬರ್ ಬದಲಾಯಿಸಲಿಲ್ಲ. ನಾನೇ ಕೊಂದೆ ಭಾವ. ದೂರ ಹೋದ್ರೂ ಎಲ್ಲೋ ಒಂದು ಕಡೆ ಬದುಕಿರ್ತಾಳೆ ಅಂದ್ಕೊಂಡಿದ್ದೆ... ನಿಮ್ಮ ಹತ್ರ ಒಂದು ಚೂರಾದ್ರೂ ಇದೆಯಾ? ಇದ್ರೆ ಹೇಳಿ, ನಾನು ಯಾರಿಗೂ ಮಾರಲ್ಲ, ಆಣೆ."

ಬಾಟಲಿ ಇಟ್ಟಿದ್ದ ಫ್ರಿಜ್ಜು ಡ್ವೇನ್‌ನ ಬೆನ್ನ ಹಿಂದೆ ಹತ್ತು ಹೆಜ್ಜೆಯಲ್ಲಿತ್ತು. ಒಂದು ಕ್ಷಣ ನಾರ್ಬರ್ಟ್‌ನ ಬಾಯಿಗೆ ನಿಜ ಬಂತು. ಆದರೆ ಮಾರಿದವನಿಗೆ ಅಳುವ ಹಕ್ಕಿಲ್ಲ ಎಂಬ ಹಠ ಅದಕ್ಕಿಂತ ದೊಡ್ಡದಾಗಿತ್ತು.

"ಇಲ್ಲ ಕಣೋ," ಎಂದ. "ಎಲ್ಲ ಹೋಯ್ತು."

ಅಕ್ಟೋಬರ್ ಹತ್ತೊಂಬತ್ತು ಓಡಿಲ್‌ಳ ಹುಟ್ಟುಹಬ್ಬ. ಅಲ್ಲಿಯವರೆಗೆ ಬಾಟಲಿಗೆ ಎರಡು ಸಲ ಸಿಹಿನೀರು ಕುಡಿಸಿದ. ಎರಡು ಸಲವೂ ಅದು ಬಿರಡೆ ಎತ್ತುವಷ್ಟು ಜೋರಾಗಿ ಉಸಿರಾಡಿತು. ಹುಟ್ಟುಹಬ್ಬದ ಬೆಳಿಗ್ಗೆ ನೆಲಮಾಳಿಗೆಯಲ್ಲಿ ಮಾಲ್ಟ್ ಬೇಯಿಸಿ, ತಣಿಸಿ, ಯೀಸ್ಟನ್ನು ಸುರಿದ. ಮರುದಿನವೇ ನೊರೆ ಉಕ್ಕಿತು. ಪಾತ್ರೆಗೆ ಕಿವಿಯಿಟ್ಟು ಆ ಗುಳುಗುಳು ಕೇಳುತ್ತಾ ಎಷ್ಟೋ ಹೊತ್ತು ಕೂರುತ್ತಿದ್ದ. ಊಟಕ್ಕೆ ಅಲ್ಲೇ ತಟ್ಟೆ ತಂದುಕೊಂಡು, ಅವತ್ತಿನ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತಿದ್ದ. ಡ್ವೇನ್ ಸೊರಗಿದ್ದಾನೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಮೂರು ವಾರದ ನಂತರ ಒಂದು ಲೋಟ ತೆಗೆದು ಬೆಳಕಿಗೆ ಹಿಡಿದು ಕುಡಿದ. ಮೆಣಸಿಲ್ಲ. ಹುಲ್ಲಿನ ಘಮವಿಲ್ಲ. ಬಾಯಿ ಚಪ್ಪರಿಸಿ ಕಾದ, ಚೆರ್ರಿ ಬೀಜದ ಕಹಿ ಬರಲೇ ಇಲ್ಲ. ನಾಲಿಗೆಯ ಮೇಲೆ ಉಳಿದದ್ದು ಸಪ್ಪೆ ಬಿಳಿ ವೈನಿನ ಒಣ ರುಚಿ. ಆ ರುಚಿಯನ್ನು ಅವನು ಬಲ್ಲ, ಬಾಟಲಿಯ ಆ ಕೊಲೆಗಡುಕನನ್ನು ಆರಿಸಿದವನೇ ಅವನು. ನಾರ್ಬರ್ಟ್ ಲೋಟ ಕೆಳಗಿಟ್ಟು ಬಾಟಲಿಯನ್ನು ಕೈಗೆತ್ತಿಕೊಂಡ. ಆಗ ಜಗುಲಿಯ ಆ ಸಂಜೆ ಕಣ್ಣಿಗೆ ಕಟ್ಟಿತು. ಓಡಿಲ್ ಎರಡು ಲೋಟಕ್ಕೆ ಬಗ್ಗಿಸುತ್ತಿದ್ದಾಳೆ, ಕೈ ಸೋತಿದೆ, ಆದರೂ ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ, ಲೋಟದ ಬಿಯರು ಕದಡದಿರಲೆಂದು, ಕೊನೆಯಲ್ಲಿ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಒಂದು ಬೆರಳಿನಷ್ಟು ಗಸಿಯನ್ನು ಒಳಗೇ ಬಿಟ್ಟು ಬಿರಡೆ ಒತ್ತುತ್ತಿದ್ದಾಳೆ.