ಬರ್ತೀರಾ, ಬರ್ತೀಯಾ

'ನಾಳೆ ಬರ್ತೀಯಾ?'

ಅವಳ ಕಥೆಯ ಕೊನೆಯ ಸಾಲು ಅದು. ಮೇಷ್ಟ್ರು ಅದಕ್ಕೆ ಕೆಂಪು ಪೆನ್ನಿನಿಂದ ದುಂಡಗೆ ಸುತ್ತು ಹಾಕಿ, ಪಕ್ಕದಲ್ಲಿ ಬರೆದಿದ್ದರು: 'ಕಥೆಯುದ್ದಕ್ಕೂ ಬಹುವಚನ. ಇಲ್ಲಿ ಮಾತ್ರ ಏಕವಚನ ಯಾಕೆ? ಬರ್ತೀರಾ ಆಗಬೇಕು. ತಿದ್ದಿ.'

ಅವಳ ಕಿವಿ ಬಿಸಿಯಾಯಿತು. ಹಾಗೆ ಬರೆದದ್ದು ಅವಳ ಗಮನಕ್ಕೇ ಬಂದಿರಲಿಲ್ಲ.

ಕಥೆಯಲ್ಲಿದ್ದದ್ದು ಒಬ್ಬ ದರ್ಜಿ ಹುಡುಗಿ, ಮತ್ತೆ ಮತ್ತೆ ಗುಂಡಿ ಕಿತ್ತುಕೊಂಡು ಬರುವ ಒಬ್ಬ ಗಿರಾಕಿ. 'ಬನ್ನಿ, ಕೂತ್ಕೊಳ್ಳಿ' ಎನ್ನುತ್ತಲೇ ಇದ್ದ ದರ್ಜಿ ಹುಡುಗಿ ಕೊನೆಗೆ ಬಾಗಿಲ ಬಳಿ ನಿಂತು ಹಾಗೆ ಕೇಳಿಬಿಟ್ಟಿದ್ದಳು. ಆ ಗಿರಾಕಿ ಯಾರೆಂದು ಬರೆದವಳಿಗೆ ಚೆನ್ನಾಗಿ ಗೊತ್ತಿತ್ತು. ಮನಸ್ಸಿನೊಳಗೆ ಅವಳು ಮೇಷ್ಟ್ರನ್ನು ಎಂದೋ ಏಕವಚನಕ್ಕೆ ಇಳಿಸಿಯಾಗಿತ್ತು. ಅದು ಬೆರಳಿನಿಂದ ಜಾರಿ ಕಾಗದದ ಮೇಲೆ ಬಿದ್ದಿತ್ತು.

ಅವರು ನಿಜವಾದ ಮೇಷ್ಟ್ರೇನಲ್ಲ. ವಾರಪತ್ರಿಕೆಯೊಂದರಲ್ಲಿ ಉಪಸಂಪಾದಕರು. ಅವಳು ಕಣ್ಣು ಪರೀಕ್ಷೆ ಮಾಡುವ ಕನ್ನಡಕದ ಅಂಗಡಿಗೆ ಒಂದು ದಿನ ಬಂದಿದ್ದರು.

"ಕೆಳಗಿನ ಸಾಲು ಓದಿ ಸಾರ್."

"ಗ, ಮ, ನ. ಗಮನ!"

"ಅಲ್ಲಿರೋದು ರ, ಪ, ಸ. ಕಾಣದಿದ್ರೆ ಕಾಣಲ್ಲ ಅನ್ನಿ. ಸುಮ್ನೆ ಕಥೆ ಕಟ್ಟಬೇಡಿ."

ಅವರು ಜೋರಾಗಿ ನಕ್ಕುಬಿಟ್ಟರು. "ಏನ್ಮಾಡ್ಲಿ, ಅದೇ ನನ್ನ ಚಾಳಿ. ಭಾನುವಾರ ಲೈಬ್ರರಿ ಮಹಡೀಲಿ ಹೊಸಬರಿಗೆ ಕಥೆ ಬರೆಯೋದು ಹೇಳಿಕೊಡ್ತೀನಿ. ಬನ್ನಿ, ನಿಮಗೂ ಈ ಚಾಳಿ ಅಂಟಿಸ್ತೀನಿ."

ಹೊಸ ಕನ್ನಡಕ ಕಿವಿಗೆ ಕೂರಿಸುವಾಗ ಎಲ್ಲರೂ ಕನ್ನಡಿ ನೋಡಿಕೊಳ್ಳುತ್ತಾರೆ. ಅವರು ಅವಳನ್ನೇ ನೋಡಿದರು. ಅವಳು ಸುಮ್ಮಸುಮ್ಮನೆ ಸ್ಕ್ರೂ ಬಿಗಿ ಮಾಡಿದಳು.

ಹೀಗೆ ಭಾನುವಾರಗಳು ಶುರುವಾದವು. ಕಿಟಕಿಯಿಂದ ಬಿಸಿಲು ಉದ್ದನೆಯ ಮೇಜಿನ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಅದರ ಜೊತೆಗೆ ಮೇಷ್ಟ್ರ ದನಿಯೂ.

"ಒಬ್ಬ ಮನುಷ್ಯ, ಅವನಿಗೆ ಬೇಕೇ ಬೇಕಾದದ್ದು ಒಂದು. ಮೊದಲ ಕಥೆಗೆ ಅಷ್ಟು ಸಾಕು. 'ಅವಳಿಗೆ ಬೇಜಾರಾಯಿತು' ಅಂತ ಬರೀಬೇಡಿ. ಬೇಜಾರಾದಾಗ ಅವಳ ಕೈ ಏನು ಮಾಡ್ತಿತ್ತು, ಅದನ್ನ ಬರೀರಿ. ಬರೆದದ್ದನ್ನ ಜೋರಾಗಿ ಓದಿ. ನಾಲಿಗೆ ಎಲ್ಲಿ ಎಡವುತ್ತೋ ಅಲ್ಲೇನೋ ಸುಳ್ಳಿದೆ ಅಂತ ಲೆಕ್ಕ."

ತರಗತಿಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿದ್ದರು. ಅವರ ಪ್ರತಿ ಕಥೆಯ ಕೊನೆಯಲ್ಲೂ ಯಾರಾದರೊಬ್ಬರು ಸಾಯಲೇಬೇಕು. "ಲಾಸ್ಟ್ ಸ್ಟಾಪ್ ಬಂದ್ಮೇಲೆ ಇಳೀಲೇಬೇಕಲ್ಲ ಮೇಷ್ಟ್ರೇ," ಎನ್ನುತ್ತಿದ್ದರು. ಎಲ್ಲರೂ ನಗುವಾಗ ಮೇಷ್ಟ್ರ ಕಣ್ಣು ಕನ್ನಡಕದ ಅಂಚಿನಿಂದ ಅವಳ ಕಡೆ ಹಾಯುತ್ತಿತ್ತು, ನಕ್ಕಳೋ ಇಲ್ಲವೋ ಎಂದು. ಅವಳು ಬೇಕೆಂದೇ ತಡವಾಗಿ ನಗುತ್ತಿದ್ದಳು.

ಈಗ ಉಳಿದದ್ದು ಒಂದೇ ಭಾನುವಾರ. ಆಮೇಲೆ ತರಗತಿ ಇಲ್ಲ. ಕನ್ನಡಕ ಕೊಂಡವರು ಮತ್ತೆ ಯಾವಾಗ ಅಂಗಡಿ ಮೆಟ್ಟಿಲು ಹತ್ತುತ್ತಾರೋ ಹೇಳುವವರಿಲ್ಲ. ಆ ದಿನ ಎಲ್ಲರೂ ತಿದ್ದಿದ ಕಥೆಯನ್ನು ಜೋರಾಗಿ ಓದಬೇಕಿತ್ತು.

ಅವಳು ಮನೆಯಲ್ಲಿ ಆ ಒಂದು ಅಕ್ಷರದ ಮುಂದೆ ಕೂತೇ ಇದ್ದಳು. ಅಕ್ಕ ಒಗೆದ ಬಟ್ಟೆ ಮಡಿಸುತ್ತಾ ಇಣುಕಿದಳು.

"ಏನೇ ಅದು, ಪರೀಕ್ಷೆಗೆ ಕೂತವಳ ಥರ?"

"'ಯಾ' ತೆಗೆದು 'ರಾ' ಹಾಕ್ಬೇಕಂತೆ ಅಕ್ಕ."

ಅಕ್ಕ ಓದಿದಳು, ತಂಗಿಯ ಮುಖ ನೋಡಿದಳು. "ಹಾಕು, ಹಾಕು. ಹೀಗೇ ಅಕ್ಷರ ತಿದ್ತಾ ಕೂತಿರು. ಆಮೇಲೆ ಇಬ್ಬರೂ ಹೋಗಿ ನಿಮ್ಮ ಮೇಷ್ಟ್ರ ಮದುವೆ ಊಟ ಮಾಡ್ಕೊಂಡು ಬರೋಣ."

ಅವಳು ಮುಖ ಊದಿಸಿಕೊಂಡು 'ರಾ' ಬರೆದಳು. ವಿಧೇಯ ವಿದ್ಯಾರ್ಥಿನಿ!

ಭಾನುವಾರ ಅವಳ ಸರದಿ ಬಂತು. ಮೇಷ್ಟ್ರು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. ಗುಂಡಿ ಹೊಲಿದಾಯಿತು, ದಾರ ಕತ್ತರಿಸಿದ್ದಾಯಿತು, ಗಿರಾಕಿ ಬಾಗಿಲ ಬಳಿ ಹೋದ. ಅವಳು ತಲೆಯೆತ್ತಿದಳು. ಹಾಳೆಯಲ್ಲಿ 'ರಾ' ಇತ್ತು.

"ನಾಳೆ ಬರ್ತೀ..." ನಾಲಿಗೆ ಎಡವಿತು. ಮೇಷ್ಟ್ರು ಎದುರಿಗೇ ಇದ್ದರು.

"...ಯಾ?"

ಕಂಡಕ್ಟರ್ ಗಂಟಲು ಸರಿಮಾಡಿಕೊಂಡರು. "ಮೇಷ್ಟ್ರೇ, ಇದು ನಿಮ್ಮನ್ನೇ ಕೇಳಿದ ಹಾಗಿತ್ತಪ್ಪ."

ಮೇಷ್ಟ್ರು ಕನ್ನಡಕ ತೆಗೆದರು, ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಮುಂದಿನವರು ಓದಿ," ಎಂದರು, ಅಷ್ಟೇ.

ಅವಳಿಗೆ ಅಳು ಒತ್ತರಿಸಿ ಬಂತು. ಅವಳ ಕೈ ಏನು ಮಾಡಿತು ಎಂದು ಮೇಷ್ಟ್ರು ಕೇಳಿದ್ದರೆ ಉತ್ತರ ಇಷ್ಟೇ: ಕಥೆಯನ್ನು ಮಡಿಸಿತು, ಮತ್ತೆ ಮಡಿಸಿತು, ಇನ್ನು ಮಡಿಸಲಾಗದಷ್ಟು ಸಣ್ಣದಾಗುವವರೆಗೂ ಮಡಿಸಿತು. ತರಗತಿ ಮುಗಿಯುತ್ತಲೇ ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋದಳು.

ಮರುದಿನ ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ಒರೆಸಿದ ಗಾಜನ್ನೇ ಅವಳು ಮತ್ತೆ ಒರೆಸುತ್ತಿದ್ದಾಗ ಬಾಗಿಲ ಗಂಟೆ ಕಿಣಿಕಿಣಿ ಎಂದಿತು.

ಅವನು.

"ಅಕ್ಷರ ಸರಿಯಾಗಿ ಕಾಣ್ತಿಲ್ಲ," ಎಂದ.

"ಕೂತ್ಕೊಳ್ಳಿ, ಸಾರ್," ಎಂದಳು. ಆ 'ಸಾರ್'ನಲ್ಲಿ ನಿನ್ನೆಯ ಸಿಟ್ಟೆಲ್ಲ ಇತ್ತು.

ಗಾಜು ಬದಲಿಸುವ ದಪ್ಪ ಚೌಕಟ್ಟನ್ನು ಅವನ ಮೂಗಿನ ಮೇಲೆ ಕೂರಿಸಿದಳು. ಇಷ್ಟು ಹತ್ತಿರದಿಂದ ಅವನ ರೆಪ್ಪೆ ಅದುರುತ್ತಿರುವುದು ಕಂಡಿತು.

"ಆ ಸುತ್ತು ಹಾಕೋ ಮೊದಲು ಹತ್ತು ಸಲ ಓದಿದೆ," ಎಂದ ಅವನು. "ಕೈತಪ್ಪಿ ಬಂದದ್ದೋ, ಮನಸ್ಸಿಂದ ಬಂದದ್ದೋ ಗೊತ್ತಾಗಲಿಲ್ಲ. ಸುಮ್ನೆ ಆಸೆ ಇಟ್ಕೊಂಡು ಪೆಚ್ಚಾಗೋದು ಬೇಡ ಅಂತ ತಿದ್ದಿ ಅಂದೆ."

"ನಾನು ತಿದ್ದಿದ್ದೆ."

"ಆದ್ರೆ ಓದುವಾಗ ಎಡವಿದ್ರಿ."

"ಎಡವಿದ ಕಡೆ ಸುಳ್ಳಿರುತ್ತೆ ಅಂತ ಹೇಳಿಕೊಟ್ಟೋರು ಯಾರು?"

"ಹಾಗಾದ್ರೆ 'ರಾ' ಸುಳ್ಳು."

ಅವಳು ಒಂದು ಗಾಜು ಹಾಕಿದಳು, ತೆಗೆದಳು, ಇನ್ನೊಂದು ಹಾಕಿದಳು. ದಿನವಿಡೀ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದಳು, ದನಿ ಮಾತ್ರ ಎಂದಿನದಾಗಿರಲಿಲ್ಲ.

"ಸರಿಯಾಗಿ ನೋಡಿ ಹೇಳಿ. ಮೊದಲನೇದು, ಬರ್ತೀರಾ. ಎರಡನೇದು, ಬರ್ತೀಯಾ. ಯಾವುದು ಚೆನ್ನಾಗಿ ಕಾಣುತ್ತೆ?"

ಅವನು ಗೋಡೆಯ ಮೇಲಿನ ಅಕ್ಷರಗಳ ಕಡೆ ತಿರುಗಲೇ ಇಲ್ಲ.

"ಎರಡನೇದು," ಎಂದ. "ಅದಕ್ಕೇ ತಾನೇ ಬಂದಿದ್ದು. ನಾಳೆ ಬರ್ತೀಯಾ ಅಂತ ನಿನ್ನೆ ಕೇಳಿದೆಯಲ್ಲ?"

ಕೇಳಿದೆಯಲ್ಲ. ಅವಳ ಕಣ್ಣು ತುಂಬಿ, ಎದುರಿಗಿದ್ದ ಅವನ ಮುಖವೇ ಮಸುಕಾಯಿತು. ನಗು ಮಾತ್ರ ತಡವಾಗದೆ ಬಂದುಬಿಟ್ಟಿತು.

ಅವನು ಮೆಲ್ಲಗೆ ಅವಳ ಬೆರಳು ಹಿಡಿದುಕೊಂಡ.

"ಅಂಗಡಿ ಎಷ್ಟೊತ್ತಿಗೆ ಮುಚ್ತೀಯ?"