ಕಳುವಾದ ಕಾರಿಗೆ ನಾಲ್ಕು ಲಿಂಬೆಹಣ್ಣು

ಸೀನು ಬರುತ್ತಿತ್ತು!

ಬಂದರೆ ನನ್ನ ಕತೆ ಮುಗಿಯಿತು.

ಕಾರಿನ ಹಿಂದಿನ ಸೀಟಿಗೂ ಮುಂದಿನ ಸೀಟಿಗೂ ನಡುವೆ ಮುದುಡಿ ಕೂತಿದ್ದೆ. ಮೊಣಕಾಲು ಗದ್ದಕ್ಕೆ ತಾಗಿತ್ತು. ತಲೆಯ ಮೇಲೆ ಮೆಣಸಿನಕಾಯಿಯ ಖಾಲಿ ಚೀಲ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರಲ್ಲ... ಹಾಗೆ ಅನ್ನುವವರು ಅದರ ಚೀಲವನ್ನು ಒಮ್ಮೆ ತಲೆಗೆ ಹಾಕಿಕೊಂಡು ನೋಡಲಿ!

ಹೊರಗೆ ಇಬ್ಬರು ಗಂಡಸರು.

"ಲಾರಿ ಎಷ್ಟಕ್ಕ ಬರತೈತಿ?"

"ಮೂರಕ್ಕ ಬರತೈತ್ರಿ ಸಾವ್ಕಾರ್ರ. ಸಂಜೀ ಒಳಗ ಗುಜರಿಯವ್ರು ಕತ್ತರಿಸಿ ತುಂಡ ತುಂಡ ಮಾಡಿ ಒಗೀತಾರ."

"ಹಂಗ ಸುಮ್ಮನ ಕಳಸೂದ ಬ್ಯಾಡ. ಪೂಜಾ ಮಾಡೇ ಕಳಸೂಣು. ನನ್ನ ಮೊದಲ್ನೇ ಗಾಡಿ ಅದು. ಅದು ಬಂದ ಮ್ಯಾಲನ ನಾ ನಾಕ ರೊಕ್ಕ ನೋಡೇನಿ."

ಮೂರಕ್ಕೆ ಅಂದವನು ಪುಂಡಲೀಕ. ಗೋಡೌನು ಕಾಯುವ ಆಳು, ಎಮ್ಮೆಯ ಕತ್ತು. ಪೂಜೆ ಮಾಡೇ ಕಳಿಸೋಣ ಅಂದವನು ರುದ್ರಮುನಿ. ರಾಣೆಬೆನ್ನೂರಿನ ಬೀಜದ ವ್ಯಾಪಾರಿ. ನಾನು ಕೂತಿದ್ದ ಕಾರಿನ ಮಾಲೀಕ.

ಅವನ ಪ್ರಕಾರ ಈ ಕಾರು ಕಳುವಾಗಿ ಒಂದು ತಿಂಗಳಾಗಿತ್ತು!

ನನ್ನ ಹೆಸರು ಸುಧಾರಾಣಿ. ಊರು ಹಾವೇರಿ. ಇನ್ಶೂರೆನ್ಸ್ ಕಂಪನಿಗೆ ಸುಳ್ಳು ಕ್ಲೇಮ್ ಹಿಡಿದುಕೊಡುವುದು ಕೆಲಸ. ಮಾತು ಕಡಿಮೆ, ಕಿವಿ ಜಾಸ್ತಿ. ಈ ಕಸುಬಿಗೆ ಅಷ್ಟು ಸಾಕು.

ಇಲ್ಲಿಗೆ ಹೇಗೆ ಬಂದೆ ಅಂತ ಕೇಳುತ್ತೀರಾ? ಹೇಳುತ್ತೇನೆ. ಸೀನು ತಡೆದುಕೊಳ್ಳಲು ಅದೇ ಒಳ್ಳೆಯ ಉಪಾಯ.

ರುದ್ರಮುನಿ ಎರಡು ವರ್ಷದ ಹಿಂದೆ ಒಂದು ದೊಡ್ಡ ವ್ಯಾನ್ ಕೊಂಡು ಅದನ್ನು ಕ್ಯಾಂಪರ್‌ವ್ಯಾನ್ ಮಾಡಿಸಿದ. ಒಳಗೆ ಮಂಚ, ಗ್ಯಾಸ್ ಒಲೆ, ಪಾತ್ರೆ ತೊಳೆಯುವ ಸಿಂಕು, ಕಿಟಕಿಗೆಲ್ಲ ಹೂವಿನ ಪರದೆ. ಮಾಡಿನ ಮೇಲೆ ನೀರಿನ ಟ್ಯಾಂಕು. ಹಳ್ಳಿಯ ಜನ ಅದಕ್ಕೆ ಇಟ್ಟ ಹೆಸರು 'ಮನಿ ಗಾಡಿ.' ಅದು ಎಲ್ಲಿಗೆ ಹೋದರೂ ಹಿಂದೆಯೋ ಮುಂದೆಯೋ ಒಂದು ಹಳೆಯ ಸಣ್ಣ ಕೆಂಪು ಕಾರು.

"ಮನಿ ಗಾಡಿ ಎಲ್ಲಾ ಕಡೆ ಹೋಗಂಗಿಲ್ರಿ ಮೇಡಂ," ಅಂದಿದ್ದ, ಕ್ಲೇಮ್ ವಿಚಾರಿಸಲು ಹೋದ ಮೊದಲ ಭೇಟಿಯಲ್ಲೇ. "ಸಂದಿಗೊಂದಿ ಇದ್ದಲ್ಲಿ ಸಣ್ಣ ಕಾರ ಬೇಕು. ಅದಕ್ಕಂತನ ಇಟ್ಟಿದ್ದೆ."

ಆ ಮಾತು ನೆನಪಿಟ್ಟುಕೊಳ್ಳಿ.

ಹೋದ ತಿಂಗಳು ವ್ಯಾನಿನ ಪಾಲಿಸಿ ಹೊಸದು ಮಾಡಿಸುವಾಗ ಏಜೆಂಟ್ ಕೇಳಿದ, ಹಿಂದೆ ನಿಂತಿರುವ ಸಣ್ಣದಕ್ಕೂ ಮಾಡಿಸುತ್ತೀರಾ ಅಂತ. ಮಾಡಿಸಿದ. ಸಣ್ಣ ಕಾರಿನ ಹಳೇ ಪಾಲಿಸಿ ಯಾವಾಗಲೋ ಮುಗಿದಿತ್ತು, ಹಾಗಾಗಿ ಏಜೆಂಟ್ ನಾಲ್ಕೂ ಕಡೆಯಿಂದ ಫೋಟೋ ಹೊಡೆದುಕೊಂಡ. ಹೆಡ್‌ಲೈಟು ಎರಡೂ ನೆಟ್ಟಗಿದ್ದವು.

ನಾಲ್ಕನೇ ದಿನ ಎಫ್‌ಐಆರ್! ಗಳಗನಾಥದಲ್ಲಿ ಹೊಳೆದಂಡೆಗೆ ವ್ಯಾನ್ ನಿಲ್ಲಿಸಿದ್ದೆವು, ಭಾನುವಾರ ರಾತ್ರಿ ಸಣ್ಣ ಕಾರು ಕಳುವಾಯಿತು ಅಂತ. ಹಿಂದೆಯೇ ಕ್ಲೇಮ್.

ಹುಬ್ಬಳ್ಳಿ ಆಫೀಸಿನ ಶಶಿಕಾಂತ ಸರ್ ಫೈಲು ಕೊಟ್ಟು ಹೇಳಿದ್ದು ಇಷ್ಟೇ:

"ಒಂದೂವರೆ ಲಕ್ಷದ ಕಾರು. ಖರೇ ಇದ್ರ ಕೊಟ್ಟ ಬಿಡೂಣು. ಸುಳ್ಳಿದ್ರ ಹಿಡೀರಿ. ಭಾಳ ತಲಿ ಕೆಡಿಸ್ಕೋಬ್ಯಾಡ್ರಿ."

ತಲೆ ಕೆಟ್ಟಿತು.

ಯಾಕೆಂದರೆ ಅದೇ ವಾರ ಬೇರೆ ಕೇಸಿಗೆ ಅಂತ ಹಾವೇರಿ ಆಸ್ಪತ್ರೆಗೆ ಹೋಗಿದ್ದೆ. ಪಕ್ಕದ ಮಂಚದಲ್ಲಿ ದೇವವ್ವ. ಮೋಟೆಬೆನ್ನೂರಿನವಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೂಲಿ. ಬಲಗಾಲಿನಲ್ಲಿ ಎರಡು ರಾಡು.

"ಸೋಮವಾರ ಸಂಜೀಮುಂದ ರಸ್ತಾ ದಾಟಾಕತ್ತಿದ್ದೆ, ತಂಗಿ. ಕೆಂಪು ಸಣ್ಣ ಕಾರ ಬಂದ ಹೊಡೀತು. ನಿಲ್ಲಲಿಲ್ಲ. ಹಿಂದ ಒಂದ ಮನಿಯಂಥಾ ಗಾಡಿ ಬಂತು. ಅದು ನಿಂತ್ತು."

"ನಿಂತ್ತಾ?"

"ಹೂಂ. ಓಡಸಾಂವ ಕಿಡಕಿ ಪಡದಾ ಸರಸಿ ನನ್ನ ನೋಡಿದ. ನಾ ಕೈ ಎತ್ತಿದೆ..."

"ಆಮ್ಯಾಲ?"

"ಆಮ್ಯಾಲ ಪಡದಾ ಹಾಕ್ಕೊಂಡ."

ಭಾನುವಾರ ಕಳುವಾದ ಕಾರು ಸೋಮವಾರ ಮನಿ ಗಾಡಿಯ ಮುಂದೆಯೇ ಓಡಿತ್ತು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದೆಯೂ ಸರಿಯಾಗಿ ಬಂದಿಲ್ಲ.

ದೇವವ್ವನ ಸೀರೆಯ ನಿರಿಗೆಯಲ್ಲಿ ಹೆಡ್‌ಲೈಟಿನ ಒಂದು ಚೂರು ಸಿಕ್ಕಿತ್ತು. ಅದನ್ನು ದಿಂಬಿನ ಕೆಳಗಿಂದ ತೆಗೆದು ನನ್ನ ಕೈಗಿಟ್ಟಳು. ನಂಬರು ಗೊತ್ತಿಲ್ಲ. ಗಾಡಿ ಗೊತ್ತಿಲ್ಲ. ಗೊತ್ತಿಲ್ಲದ ಗಾಡಿ ಹೊಡೆದರೆ ಸಿಗುವ ಪರಿಹಾರ ಔಷಧಿ ಚೀಟಿಗೇ ಸಾಲದು. ಗಾಡಿ ಸಿಕ್ಕು, ಅದಕ್ಕೆ ಪಾಲಿಸಿ ಇದ್ದರೆ ಮಾತು ಬೇರೆ. ಇನ್ನೊಂದು ಆಪರೇಷನ್ ಆಗುತ್ತದೆ. ದೇವವ್ವ ನಡೆಯುತ್ತಾಳೆ.

ಅಂದರೆ ಅವಳ ಕಾಲು ಆ ಕೆಂಪು ಕಾರಿನಲ್ಲಿತ್ತು!

ಎಲ್ಲಿ ಹುಡುಕಲಿ? ಮೂರು ವಾರ ಸುತ್ತಿದೆ. ಐರಣಿಯವರೆಗೂ ಹೊಳೆಸಾಲಿನ ಊರು ಬಿಡಲಿಲ್ಲ. ಕೊನೆಗೆ ಅಮಾವಾಸ್ಯೆಯ ಬೆಳಿಗ್ಗೆ ರಾಣೆಬೆನ್ನೂರಿನಲ್ಲಿ ಹೂವು ಮಾರುವ ಕರೆವ್ವನ ಮುಂದೆ ನಿಂತೆ. ನಮ್ಮ ಕಡೆ ವ್ಯಾಪಾರಸ್ಥರು ಅಮಾವಾಸ್ಯೆಗೆ ಗಾಡಿಪೂಜೆ ತಪ್ಪಿಸುವುದಿಲ್ಲ ಅಂತ ನಿಮಗೂ ಗೊತ್ತು.

"ರುದ್ರಮುನಿ ಸಾವ್ಕಾರ್ರು ಪೂಜಾ ಸಾಮಾನ ನಿನ್ನ ಕಡೆನ ಒಯ್ತಾರೇನಬೇ?"

"ಪ್ರತಿ ಅಮಾಸಿಗೂ! ಎರಡ ಚೀಲ, ಒಂದೊಂದರಾಗ ಮಾಲಿ, ನಾಕ ಲಿಂಬಿಹಣ್ಣ. ಒಂದ ಮನಿ ಗಾಡಿಗೆ, ಒಂದ ಸಣ್ಣ ಕಾರಿಗೆ. ನೋಡ, ಈಗನ ಕಟ್ಟಿಟ್ಟೇನಿ."

"ಈ ಸಲಾನೂ ಎರಡ?"

"ಎರಡ. ಯಾಕ?"

ಯಾಕೆ ಅಂತೆ!

ಅರ್ಧ ಗಂಟೆಗೆ ಪುಂಡಲೀಕ ಬಂದ. ಎರಡು ಚೀಲ ಒಯ್ದ. ಒಂದನ್ನು ರುದ್ರಮುನಿಯ ಅಂಗಡಿಯ ಮುಂದಿನ ವ್ಯಾನಿನಲ್ಲಿಟ್ಟ. ಇನ್ನೊಂದನ್ನು ಬೈಕಿಗೆ ಸಿಕ್ಕಿಸಿಕೊಂಡು ಬ್ಯಾಡಗಿ ದಾರಿ ಹಿಡಿದ. ಹಿಂದೆ ನನ್ನ ಸ್ಕೂಟಿ. ಮಾರ್ಕೆಟ್ಟಿನ ಆಚೆಯ ಗೋಡೌನಿಗೆ ಹೋದ, ಶಟರ್ ಎಳೆದುಕೊಂಡ, ಊದುಬತ್ತಿಯ ವಾಸನೆ ಹೊರಗೆ ಬಂತು.

ಕಾರನ್ನು ನಾನು ನೋಡಿರಲಿಲ್ಲ. ನೋಡಿದ್ದು ಲಿಂಬೆಹಣ್ಣಿನ ಚೀಲ. ಅದನ್ನು ನಂಬಿಕೊಂಡು ಪೊಲೀಸರ ಮುಂದೆ ಹೋದರೆ ನಗುತ್ತಾರೆ.

ಮರುದಿನ ಬೆಳಿಗ್ಗೆ, ಅಂದರೆ ಇವತ್ತು, ಕರೆವ್ವನ ಫೋನು.

"ಯವ್ವಾ, ಬಾಯಿ ತಪ್ಪಿ ಹೇಳಿಬಿಟ್ನಿ. ನೀ ಕೇಳಿದ್ದು... ಪುಂಡಲೀಕನ ಮಾರಿ ಕಪ್ಪ ಆತು. ಮತ್ತ ನಾಕ ಲಿಂಬಿಹಣ್ಣ ಒಯ್ದ."

ಸ್ಕೂಟಿ ಹಾರಿತು!

ಗೋಡೌನಿನಲ್ಲಿ ಇಪ್ಪತ್ತು ಹೆಂಗಸರು ಕಾಯಿಯ ತೊಟ್ಟು ಮುರಿಯುತ್ತಿದ್ದರು. ಘಾಟಿಗೆ ಎಲ್ಲರ ಮುಖಕ್ಕೂ ಸೆರಗು. ನಾನೂ ವೇಲ್ ಬಿಗಿದೆ. ಇಪ್ಪತ್ತೊಂದನೆಯವಳಾಗಿ ಕೂತೆ. ಯಾರೂ ಕೇಳಲಿಲ್ಲ. ಊಟಕ್ಕೆ ಅವರು ಹೊರಗೆ ಹೋದಾಗ ನಾನು ಒಳಗೆ ಹೋದೆ. ಚೀಲಗಳ ಹಿಂದೆ ತಾಡಪತ್ರಿ. ತಾಡಪತ್ರಿಯ ಕೆಳಗೆ ಕೆಂಪು ಕಾರು. ಎಡ ಹೆಡ್‌ಲೈಟು ಒಡೆದಿತ್ತು.

ಬಾನೆಟ್ ಎತ್ತಿ ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಫೈಲಿನ ನಂಬರಿಗೆ ಅಕ್ಷರ ಅಕ್ಷರ ಕೂಡಿತು. ಬಾನೆಟ್ ಮುಚ್ಚುವುದಕ್ಕೂ ಶಟರ್ ಸದ್ದಾಗುವುದಕ್ಕೂ ಸರಿಯಾಯಿತು...

ಮುಂದಿನದು ನಿಮಗೆ ಗೊತ್ತು. ಮೆಣಸಿನಕಾಯಿಯ ಚೀಲ. ಸೀನು.

ಮುಂದಿನ ಬಾಗಿಲು ತೆರೆಯಿತು! ಪುಂಡಲೀಕ ಒಳಗೆ ಬಗ್ಗಿದ. ಕೀ ಸಿಕ್ಕಿಸಿದ. ಪೂಜೆ ಆದ ಮೇಲೆ ಗಾಡಿಯನ್ನು ಲಿಂಬೆಹಣ್ಣಿನ ಮೇಲೆ ಹಾಯಿಸಬೇಕಲ್ಲ. ಡ್ಯಾಶ್‌ಬೋರ್ಡಿಗೆ ಊದುಬತ್ತಿಯ ಒಂದು ಹಿಡಿ ಚುಚ್ಚಿ ಬಾಗಿಲು ಹಾಕಿದ.

ಹೊಗೆ! ಮೇಲೆ ಚೀಲದ ಘಾಟು!

ಅದೇ ಹೊತ್ತಿಗೆ ನನ್ನ ಫೋನು ಗುರ್ ಅಂದಿತು. ಮೆಸೇಜು. ಚೀಲದೊಳಗೇ ಕಣ್ಣು ಹಾಯಿಸಿದೆ. 'ಪ್ರಿಯ ಗ್ರಾಹಕರೇ, ನಿಮ್ಮ ದ್ವಿಚಕ್ರ ವಾಹನದ ಪಾಲಿಸಿ...'

ಈಗಲೇ ಬೇಕಿತ್ತೇನು ಇದು?!

"ಏನೋ ಸಪ್ಪಳ ಬಂತಲ್ಲ?" ರುದ್ರಮುನಿಯ ದನಿ.

"ಹೆಗ್ಗಣ ಇರಬೇಕ್ರಿ. ಮೂರ ಗಾಲಿಗೆ ಇಟ್ಟೆ. ಇದೊಂದ ಉಳೀತು."

ಮೂರು ಲಿಂಬೆಹಣ್ಣು. ಇನ್ನೊಂದು ಬಾಕಿ. ತಡೆದುಕೋ ಸುಧಾ... ಒಂದೇ ಒಂದು...

ಆಕ್ಷೀ!



"ಹೆಗ್ಗಣ ಸೀನತಾವನಲೇ?!"

ನಾನು ಚೀಲ ಕಿತ್ತೊಗೆದು ಎರಡು ಸೀಟಿನ ಸಂದಿಯಿಂದ ಮುಂದೆ ಹಾರಿದೆ. ಲಾಕ್ ಒತ್ತಿದೆ. ಪುಂಡಲೀಕ ಬಾಗಿಲು ಹಿಡಿದು ಜಗ್ಗಿದ. ಗಾಜಿಗೆ ಗುದ್ದಿದ.

"ಇಳೀ! ಕೈಕಾಲ ಮುರದ ಚೀಲದಾಗ ತುಂಬತೇನಿ!"

ಕೀ ತಿರುಗಿಸಿದೆ. ಕೆಮ್ಮಿತು. ಇನ್ನೊಮ್ಮೆ. ಹತ್ತಿತು! ನಿನ್ನೆಯ ಪೂಜೆಗೆ ಸ್ಟಾರ್ಟ್ ಮಾಡಿದ್ದಕ್ಕೆ ಬ್ಯಾಟರಿಯಲ್ಲಿ ಜೀವ ಇತ್ತು. ಎದುರಿಗೆ ಕರ್ಪೂರದ ತಟ್ಟೆ ಹಿಡಿದ ರುದ್ರಮುನಿ, ಬಾಯಿ ತೆರೆದುಕೊಂಡು ನಿಂತಿದ್ದ. ಹಾರ್ನ್ ಒತ್ತಿದೆ. ತಟ್ಟೆ ಒಂದು ಕಡೆ, ಸಾವಕಾರ ಒಂದು ಕಡೆ!

ಪಚಕ್! ಪಚಕ್!

ಶಾಸ್ತ್ರ ನಾನೇ ಮುಗಿಸಿದೆ.

ಬಾಗಿಲಿಗೆ ಅಡ್ಡ ಮನಿ ಗಾಡಿ ನಿಂತಿತ್ತು. ಅದಕ್ಕೂ ಗೋಡೆಗೂ ನಡುವೆ ಒಂದು ಸಂದಿ. ಪಕ್ಕದ ಕನ್ನಡಿ ಮುರಿಯಿತು. ಕಾರು ಹೊರಗೆ ಬಂತು.

ಮಾರ್ಕೆಟ್ಟಿನ ದಿನ. ರಸ್ತೆ ತುಂಬ ಲಾರಿ, ಚಕ್ಕಡಿ, ಕೆಂಪು ಚೀಲದ ರಾಶಿ. ನುಗ್ಗಿದೆ, ಬಳಸಿದೆ, ಬೈಸಿಕೊಂಡೆ. ಒಳಗಿನ ಕನ್ನಡಿಯಲ್ಲಿ ನೋಡಿದರೆ... ಮನಿ ಗಾಡಿ ಬೆನ್ನು ಹತ್ತಿತ್ತು! ರುದ್ರಮುನಿಯೇ ಸ್ಟೇರಿಂಗು ಹಿಡಿದಿದ್ದ. ಒಳಗಿನ ಪಾತ್ರೆಗಳೆಲ್ಲ ಢಣಢಣ ಉರುಳುವುದು ನನಗೆ ಕೇಳುತ್ತಿತ್ತು.

ಫೋನು ಹೊಡೆದುಕೊಂಡಿತು. ರುದ್ರಮುನಿ. ಸ್ಪೀಕರ್ ಹಾಕಿದೆ.

"ಮೇಡಂ, ಗಾಡಿ ನಿಲ್ಲಸ್ರಿ. ಕುಂತ ಮಾತಾಡೂಣು."

"ಅವತ್ತ ಮೋಟೆಬೆನ್ನೂರಾಗ ದೇವವ್ವ ಕೈ ಎತ್ತಿದಾಗ ನೀವ್ಯಾಕ ಪಡದಾ ಹಾಕ್ಕೊಂಡ್ರಿ?"

ಪಾತ್ರೆಯ ಸದ್ದಿನ ಮೇಲೆ ದನಿ ಏರಿಸಿದ.

"ಕಾರ ಪುಂಡಲೀಕನ ಕೈಯಾಗಿತ್ತು. ಅವಂಗ ಲೈಸೆನ್ಸ್ ಇಲ್ರಿ. ಕೇಸ್ ಆಗಿದ್ರ ನಿಮ್ಮ ಕಂಪನಿ ಆಕಿಗೆ ಕೊಟ್ಟಿದ್ದನ್ನೆಲ್ಲಾ ನನ್ನ ಕಡಿಂದನ ವಸೂಲ ಮಾಡ್ತಿತ್ತು. ನನ್ನ ಹೆಸರ ಏನ ಉಳೀತಿತ್ತು?"

"ಆಕಿ ಕಾಲ ಏನ ಉಳೀತ್ರಿ?"

"ನೀವ ಗಾಡಿ ಕದ್ದೀರಿ! ನಿಮ್ಮ ಮ್ಯಾಲ ಕಳವಿನ ಕೇಸ್ ಹಾಕ್ತೇನಿ!"

"ಹಾಕ್ರಿ ಸಾವ್ಕಾರ್ರ. ಕಳುವಾದ ಗಾಡಿ ಎರಡನೇ ಸಲ ಹೆಂಗ ಕಳುವಾತು ಅಂತ ಅದರಾಗ ಚೆಂದಗ ಬರೀರಿ."

ಫೋನು ಕಟ್ಟಾಯಿತು. ಕೂಡಲೇ ಹಿಂದಿನಿಂದ ಢಿಕ್ಕಿ! ನನ್ನ ಹಣೆ ಸ್ಟೇರಿಂಗಿಗೆ. ತುಟಿಯಲ್ಲಿ ರಕ್ತದ ರುಚಿ. ಇನ್ನೊಂದು ಢಿಕ್ಕಿ! ಇದು ಹೀಗೇ ನಡೆದರೆ ಗುಜರಿಯ ಲಾರಿಯೇ ಬೇಡ, ನನ್ನನ್ನೂ ಸೇರಿಸಿ ಇಲ್ಲೇ ಕತ್ತರಿಸುತ್ತಾರೆ.

ಆಗ ನೆನಪಾಯಿತು. ಸಂದಿಗೊಂದಿ ಇದ್ದಲ್ಲಿ ಸಣ್ಣ ಕಾರ ಬೇಕು...

ಎಡಕ್ಕೆ ತಿರುಗಿಸಿದೆ. ಹೊಲದ ದಾರಿ. ಮುಂದೆ ರೈಲು ಹಳಿಯ ಕೆಳಗೆ ನೀರು ಹೋಗಲು ಬಿಟ್ಟ ಹಳೆಯ ಕಮಾನು. ಟ್ರಾಕ್ಟರಿನವರೂ ತಲೆ ಬಗ್ಗಿಸಿ ಹಾಯುವ ಜಾಗ. ಕಾರು ಗುಬ್ಬಿಯ ಹಾಗೆ ತೂರಿತು.

ಹಿಂದೆ, ಧಡಾರ್!

ನೀರಿನ ಟ್ಯಾಂಕು ಒಡೆದು ಧೋ ಅಂತ ಸುರಿಯಿತು. ಮನಿ ಗಾಡಿ ಕಮಾನಿನ ಬಾಯಿಗೆ ಬಿರಡೆಯ ಹಾಗೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಮೋಟೆಬೆನ್ನೂರು ದಾಟುವಾಗ ದೇವವ್ವ ಬಿದ್ದ ಜಾಗದಲ್ಲಿ ಒಂದು ಕ್ಷಣ ಬ್ರೇಕ್ ಒತ್ತಿದೆ. ಯಾಕೆ ಅಂತ ನನಗೂ ಗೊತ್ತಿಲ್ಲ. ಮತ್ತೆ ಹೈವೇ. ಹಾವೇರಿಯವರೆಗೆ ಆಕ್ಸಿಲರೇಟರಿನಿಂದ ಕಾಲು ಎತ್ತಲಿಲ್ಲ.

ಸ್ಟೇಷನ್ನಿನ ಅಂಗಳದಲ್ಲಿ ಇನ್‌ಸ್ಪೆಕ್ಟರ್ ಪರಮೇಶಪ್ಪ ಚಹಾ ಕುಡಿಯುತ್ತಿದ್ದರು. ಬಾನೆಟ್ಟಿನ ಮೇಲಿನ ಕುಂಕುಮ, ಚೆಂಡುಹೂವಿನ ಮಾಲೆ ನೋಡಿದರು.

"ಏನ್ರಿ ಮೇಡಂ, ಗಾಡಿ ತಗೊಂಡ್ರೇನು? ಪೇಡೆ ಎಲ್ಲಿ?"

"ಕಳುವಾದ ಗಾಡಿ ಸರ್."

"ಕಳ್ಳರು ಪೂಜಾ ಮಾಡಿ ಕಳಿಸ್ಯಾರೇನು?"

"ಮಾಲಕರ ಮಾಡ್ಯಾರ್ರಿ."

ಹೆಗಲಚೀಲದಿಂದ ದೇವವ್ವ ಕೊಟ್ಟ ಚೂರು ತೆಗೆದೆ. ಒಡೆದ ಹೆಡ್‌ಲೈಟಿಗೆ ಹಿಡಿದೆ. ಕೂದಲೆಳೆಯಷ್ಟೂ ಸಂದಿ ಉಳಿಯಲಿಲ್ಲ. ಪರಮೇಶಪ್ಪ ಚಹಾ ಕೆಳಗಿಟ್ಟು ಜೀಪು ಹತ್ತಿದರು.

ಕಮಾನಿನಲ್ಲಿ ಸಿಕ್ಕ ವ್ಯಾನಿನ ಎರಡೂ ಬಾಗಿಲು ಗೋಡೆಗೆ ಒತ್ತಿಕೊಂಡಿದ್ದವಂತೆ. ಪೊಲೀಸರು ಹೋದಾಗ ಇಬ್ಬರೂ ಒಳಗೇ ಕೂತಿದ್ದರಂತೆ.

ಪರದೆ ಹಾಕಿಕೊಂಡು!

ಆಸ್ಪತ್ರೆಗೆ ಹೋದೆ. ಫೋನಿನಲ್ಲಿ ಫೋಟೋ ತೋರಿಸಿದೆ. ದೇವವ್ವ ಬಹಳ ಹೊತ್ತು ನೋಡಿದಳು.

"ಅದ. ಅದ ಕಾರು." ಆಮೇಲೆ ನನ್ನ ಹಣೆ ಮುಟ್ಟಿದಳು. "ನಿನಗೂ ಹೊಡೀತೇನ ಅದು?"

"ಸ್ವಲ್ಪ ತಾಗೇತಿ."

"ಪಾಲಿಸಿ ಗೀಲಿಸಿ ಐತಂತೇನ ತಂಗಿ ಅದಕ್ಕ?"

"ಐತಿ ಅಕ್ಕಾ. ಚಾಲ್ತಿ ಐತಿ."

ಅವಳು ಗೋಡೆಯ ಕಡೆ ತಿರುಗಿದಳು. ಹೆಗಲು ಅಲುಗುತ್ತಿತ್ತು. ನಾನು ಹೊರಗೆ ಬಂದೆ. 

ವರಾಂಡದಲ್ಲಿ ಶಶಿಕಾಂತ ಸರ್ ಫೋನು.

"ಏನ ಮಾಡಿದ್ರಿ ನೀವು?! ಒಂದೂವರೆ ಲಕ್ಷ ಉಳಸಾಕ ಕಳಿಸಿದ್ರ ಹದಿನೈದ ಲಕ್ಷ ತಲಿಗೆ ಕಟ್ಟಿದ್ರಲ್ಲ! ಮೊದಲ ಆಕಿಗೆ ನಾವು ಕೊಡಬೇಕು. ಆಮ್ಯಾಲ ಆ ಸಾವ್ಕಾರನ ಹಿಂದ ಕೋರ್ಟಿಗೆ ಹತ್ತ ವರ್ಷ ಅಲೀಬೇಕು! ಕಳುವಾಗೇತಿ ಅಂತ ಒಂದ ಸಾಲ ಬರದಿದ್ರ ಮುಗೀತಿತ್ತು!"

"ಸುಳ್ಳಿದ್ರ ಹಿಡೀರಿ ಅಂದಿದ್ರಿ, ಸರ್."

"ನಾಳಿಂದ ನಿಮಗ ಕೇಸ್ ಇಲ್ಲ!"

ಇಟ್ಟುಬಿಟ್ಟರು.

ಸರಿ. ಬಸ್ಸು ಹಿಡಿದು ಬ್ಯಾಡಗಿಗೆ ಹೋದೆ. ಗೋಡೌನಿನ ಹಿಂದಿನ ಬೇವಿನ ಮರಕ್ಕೆ ಸ್ಕೂಟಿ ಆನಿಸಿ ಬಂದಿದ್ದೆನಲ್ಲ. ಮರ ಇತ್ತು. ಸ್ಕೂಟಿ ಇರಲಿಲ್ಲ.

ಮಧ್ಯಾಹ್ನದ ಮೆಸೇಜನ್ನು ಆಗ ಪೂರ್ತಿ ಓದಿದೆ. ಪಾಲಿಸಿ ಮುಗಿದು ಹನ್ನೊಂದು ದಿನವಾಗಿತ್ತು!